ಸಹಾಯ ಬೇಕು: ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರೆ ಮಗುವಿನ ಆಸೆ ಏನಾಗುತ್ತೆ?

ಹೆಸರು ಹಾಕದೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ವಯಸ್ಸು 34, ಊರು ಹುಬ್ಬಳ್ಳಿ. ಲೈಂಗಿಕ ಆಸಕ್ತಿ ಕಡಿಮೆ, ನಿಮಿರುವಿಕೆಯೂ ಸರಿಯಿಲ್ಲ. ಬೆಳಗ್ಗೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಎರಡು ಸಲವೂ 220 ng/dL ಆಸುಪಾಸು, ಅಂದರೆ ಕಡಿಮೆ. ಡಾಕ್ಟರ್ ನೇರ ಇಂಜೆಕ್ಷನ್ ಬರೆದರು, ಮಕ್ಕಳ ವಿಷಯ ಕೇಳಲೇ ಇಲ್ಲ. ನಮಗಿನ್ನೂ ಮಗುವಾಗಿಲ್ಲ. ಹೊರಗಿನಿಂದ ಹಾರ್ಮೋನ್ ಕೊಟ್ಟರೆ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ, ವೃಷಣಕ್ಕೆ ಕೆಲಸ ಮಾಡಿಸುವ ಹಾರ್ಮೋನ್‌ಗಳನ್ನು ಕಳಿಸೋದನ್ನು ಕಡಿಮೆ ಮಾಡುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು, ಬಿಟ್ಟ ಮೇಲೆ ಮರಳಲು ತಿಂಗಳುಗಟ್ಟಲೆ ಬೇಕು ಅಂತ ಓದಿದೆ. ಚೀಟಿ ಹಾಗೇ ಪರ್ಸಿನಲ್ಲಿದೆ. ಜೆಲ್ ಹಚ್ಚಿದರೂ ಅದೇ ಕಥೆಯಂತೆ.

ಇದರ ಬದಲು, ದೇಹವೇ ಟೆಸ್ಟೋಸ್ಟೆರಾನ್ ತಯಾರಿಸುವಂತೆ ಮಾಡುವ ಕ್ಲೋಮಿಫೀನ್ ಅಥವಾ ಎಚ್‌ಸಿಜಿ ತಗೊಂಡವರು ಇದ್ದೀರಾ? ಆಸಕ್ತಿ ಮರಳಿತಾ, ವೀರ್ಯಾಣು ಕೌಂಟ್ ಉಳೀತಾ? ಮೊದಲೇ ವೀರ್ಯ ಫ್ರೀಜ್ ಮಾಡಿಸಿದವರು ಖರ್ಚು ಎಷ್ಟಾಯ್ತು ಹೇಳಿ. ಹುಬ್ಬಳ್ಳಿ-ಧಾರವಾಡ ಕಡೆ ಒಳ್ಳೆ ಆಂಡ್ರಾಲಜಿಸ್ಟ್ (ಗಂಡಸರ ಲೈಂಗಿಕ, ಸಂತಾನ ಸಮಸ್ಯೆ ನೋಡುವ ಡಾಕ್ಟರ್) ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಲೇಹ್ಯ, ಅಶ್ವಗಂಧದ ಸಲಹೆ ಮಾತ್ರ ಬೇಡ, ಮಾವನವರದ್ದೇ ಜಾಸ್ತಿಯಾಗಿದೆ.