ಅನಾನಸ್ ಚೀಸ್ ಬಾಲ್ ಬೆಳಗಾಗುವಷ್ಟರಲ್ಲಿ ಕಹಿಯಾಗಿ ಕುಸಿದು ಕೂತಿತ್ತು, ಕಾರಣ ಏನಿರಬಹುದು?

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಸ್‌ನ ಆಸ್ಟಿನ್ ಹತ್ತಿರ. ಪಕ್ಕದ ಮನೆಯ ಅಜ್ಜಿ ಪ್ರತಿ ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಮ್ಮನ್ನು ಕರೆಯುತ್ತಾರೆ. ಊಟಕ್ಕೆ ಕೂರುವ ಮೊದಲು ಕ್ರ್ಯಾಕರ್ ಬಿಸ್ಕತ್ತಿಗೆ ಹಚ್ಚಿಕೊಂಡು ತಿನ್ನಲು ಅವರಲ್ಲಿ ಚೀಸ್ ಬಾಲ್ ಇದ್ದೇ ಇರುತ್ತದೆ. ಒಳಗೆ ಕ್ರೀಮ್ ಚೀಸ್, ಅನಾನಸ್, ಕ್ಯಾಪ್ಸಿಕಂ, ಈರುಳ್ಳಿ. ಹೊರಗೆ ಸುತ್ತಲೂ ಅಕ್ರೋಟಿನಂಥ ಪೆಕಾನ್ ಬೀಜ. ಈ ಸಲ ಅವರಿಗೆ ಕೈನೋವು. ನಾನೇ ಮಾಡಿ ತರುತ್ತೇನೆ ಅಂತ ಹೇಳಿ, ಅವರ ತಾಯಿ ಕೈಬರಹದಲ್ಲಿ ಬರೆದಿಟ್ಟಿದ್ದ ಪಾಕವಿಧಾನದ ಕಾರ್ಡನ್ನು ಮನೆಗೆ ತಂದುಕೊಂಡೆ.

ಹಾಕಿದ್ದು ಇಷ್ಟು: 8 ಔನ್ಸಿನ (226 ಗ್ರಾಂ) ಎರಡು ಪ್ಯಾಕೆಟ್ ಕ್ರೀಮ್ ಚೀಸ್, ಒಂದು ಕಪ್ ಸಣ್ಣಗೆ ಹೆಚ್ಚಿದ ಅನಾನಸ್, ಕಾಲು ಕಪ್ ಕ್ಯಾಪ್ಸಿಕಂ, ಎರಡು ಚಮಚ ಈರುಳ್ಳಿ, ಒಂದು ಟೀ ಚಮಚ ಉಪ್ಪು, ಎರಡು ಕಪ್ ಪೆಕಾನ್. ಪೆಕಾನ್‌ನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಬುಧವಾರ ರಾತ್ರಿ ಒಂಬತ್ತಕ್ಕೆ ಉಂಡೆ ಕಟ್ಟಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಆಗ ರುಚಿ ನೋಡಿದ್ದೆ, ತುಂಬಾ ಚೆನ್ನಾಗಿತ್ತು.

ಗುರುವಾರ ಬೆಳಗ್ಗೆ ಹತ್ತಕ್ಕೆ ತೆಗೆದರೆ ಉಂಡೆ ಉಂಡೆಯಾಗಿ ಉಳಿದಿರಲಿಲ್ಲ. ನೀರು ಹೆಚ್ಚಾದ ಮುದ್ದೆಯ ಹಾಗೆ ತಟ್ಟೆಯ ತುಂಬ ಇಳಿದಿತ್ತು, ಅಂಚಿನಲ್ಲಿ ಹಳದಿ ನೀರು ನಿಂತಿತ್ತು. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಮೆಂತ್ಯ ಅಗಿದಂಥ ಕಹಿ. ಪೆಕಾನ್ ಕೂಡ ಮೆತ್ತಗಾಗಿತ್ತು. ಚೀಸ್‌ನ ತಾರೀಕು ಜನವರಿವರೆಗೂ ಇದೆ. ಉಳಿದ ಪೆಕಾನ್ ತಿಂದು ನೋಡಿದೆ, ಕಮಟು ವಾಸನೆ ಇಲ್ಲ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ, ನನಗೆ ಮಾತ್ರ ಸಮಾಧಾನವಿಲ್ಲ. ಕ್ರಿಸ್‌ಮಸ್‌ಗೆ ಮತ್ತೆ ಮಾಡಿ ಕೊಡಬೇಕು. ಎಲ್ಲಿ ತಪ್ಪಿತು, ದಯವಿಟ್ಟು ಹೇಳಿ.

ಮಲೆನಾಡಕೂಸು:

ಅಕ್ಕಾ, ನಾಲ್ಕು ವಿಷಯ ಬೇಕು. ಕ್ರೀಮ್ ಚೀಸ್ ಇಟ್ಟಿಗೆಯಂಥದ್ದಾ, ಡಬ್ಬಿಯಲ್ಲಿ ಬರುವ ಹಚ್ಚಿಕೊಳ್ಳುವಂಥದ್ದಾ? ಅನಾನಸ್ ಟಿನ್ನಿನದ್ದಾ, ಹಸಿ ಹಣ್ಣಾ? ಉಪ್ಪು ಯಾವಾಗ ಹಾಕಿದಿರಿ? ಪೆಕಾನ್ ಹುರಿದಿದ್ದಿರಾ?

ಹೇಮಾವತಿ_ದಂಡೆ:

ಚೀಸ್ ಇಟ್ಟಿಗೆಯಂಥದ್ದೇ. ಉಪ್ಪನ್ನು ಎಲ್ಲದರ ಜೊತೆಗೇ ಹಾಕಿದೆ. ಪೆಕಾನ್ ಹುರಿಯಲಿಲ್ಲ. ಕಾರ್ಡಿನಲ್ಲಿ ಅನಾನಸ್ ಟಿನ್ನಿನದು, ರಸ ಬಸಿದು ಹಾಕಿ ಅಂತಿತ್ತು. ಆದರೆ ಅಂಗಡಿಯಲ್ಲಿ ಒಳ್ಳೆ ಘಮದ ಹಣ್ಣು ಸಿಕ್ಕಿತು. ಟಿನ್ನಿಗಿಂತ ತಾಜಾ ಹಣ್ಣು ರುಚಿ ಅಂತ ಅದನ್ನೇ ಹೆಚ್ಚಿ, ಜರಡಿಯಲ್ಲಿ ರಸ ಬಸಿದು ಹಾಕಿದೆ.

ಕೆನೆಮೊಸರು:

ಹಾಗಾದರೆ ಕಾರಣ ಸಿಕ್ಕಿತು, ಹಸಿ ಅನಾನಸ್ಸೇ. ನಾನು ಹೈನು ತಂತ್ರಜ್ಞಾನ ಓದಿದವನು. ನಮ್ಮ ಪಾಠದಲ್ಲಿ ಇದು ಪದೇ ಪದೇ ಬರುತ್ತಿತ್ತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ತುಂಡರಿಸುವುದೇ ಅದರ ಕೆಲಸ. ಹಸಿ ಅನಾನಸ್ ಹೆಚ್ಚು ತಿಂದಾಗ ನಾಲಿಗೆ ಚುರುಗುಟ್ಟುತ್ತದಲ್ಲ, ಅದರಲ್ಲೂ ಇದರ ಪಾಲಿದೆ. ಕ್ರೀಮ್ ಚೀಸ್‌ನ ವಿಷಯಕ್ಕೆ ಬನ್ನಿ. ಅಮೆರಿಕದ ನಿಯಮದಂತೆ ಅದರಲ್ಲಿ ಕೊಬ್ಬು 33%ಕ್ಕೆ ಕಡಿಮೆ ಇರಬಾರದು, ನೀರು 55% ಮೀರಬಾರದು. ಪ್ರೋಟೀನ್ ಇರುವುದು ನೂರಕ್ಕೆ ಸುಮಾರು ಆರು ಪಾಲು. ಅಷ್ಟೊಂದು ಕೊಬ್ಬು, ನೀರನ್ನು ಜಾಲದ ಹಾಗೆ ಹಿಡಿದಿಡುವುದರಲ್ಲಿ ಈ ಆರು ಪಾಲಿನದೇ ದೊಡ್ಡ ಕೆಲಸ, ಅದರಲ್ಲೂ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನಿನದು. ರಾತ್ರಿಯಿಡೀ ಬ್ರೊಮೆಲೈನ್ ಆ ಜಾಲವನ್ನು ಕತ್ತರಿಸುತ್ತಾ ಹೋಯಿತು. ಜಾಲ ಹರಿದ ಮೇಲೆ ಉಂಡೆ ಕುಸಿಯಿತು, ನೀರು ಹೊರಬಂತು. ಕೇಸೀನ್ ತುಂಡಾದಾಗ ಉಳಿಯುವ ಕೆಲವು ಚೂರುಗಳು ಸ್ವಭಾವದಿಂದಲೇ ಕಹಿ. ನಿಮಗೆ ಹತ್ತಿದ ಮೆಂತ್ಯದ ಕಹಿ ಅದು. ಚೀಸ್ ಹಳಸಿದ್ದಲ್ಲ, ಪೆಕಾನ್ ಕೆಟ್ಟದ್ದೂ ಅಲ್ಲ.

ಅನಾನಸ್ ರಾಯ್ತ ಮಾಡಿ ಮಧ್ಯಾಹ್ನಕ್ಕೆ ಉಂಡರೆ ಚೆನ್ನಾಗಿರುತ್ತದೆ, ಅದೇ ರಾಯ್ತ ರಾತ್ರಿಗೆ ಕಹಿ. ನಮ್ಮ ಮನೆಗಳಲ್ಲಿ ಎಲ್ಲರೂ ಕಂಡದ್ದೇ. ಚಹಾಕ್ಕೆ ಹಾಲು ಕುದಿಯುವ ಮೊದಲೇ ಹಸಿ ಶುಂಠಿ ಹಾಕಿದರೆ ಹಾಲು ಒಡೆಯುವುದರಲ್ಲೂ ಇದೇ ಜಾತಿಯ ಕಿಣ್ವದ ಕೈವಾಡವಿದೆ. ಪರಂಗಿ, ಕಿವಿ, ತಾಜಾ ಅಂಜೂರ ಇವುಗಳಲ್ಲೂ ಇಂಥದ್ದೇ ಕಿಣ್ವಗಳಿವೆ. ಟಿನ್ನಿನ ಅನಾನಸ್ಸನ್ನು ತುಂಬುವಾಗ ಬಿಸಿ ಮಾಡಿರುತ್ತಾರೆ, ಆ ಬಿಸಿಗೆ ಕಿಣ್ವ ಸತ್ತಿರುತ್ತದೆ. ಅಜ್ಜಿಯ ತಾಯಿ ಟಿನ್ನಿನದೇ ಬರೆದಿದ್ದರಿಂದ ಅವರ ಉಂಡೆ ಎಂದೂ ಕುಸಿದಿರಲಿಕ್ಕಿಲ್ಲ.

ಗುಂಡ್ಲುಪೇಟೆ_ಅಂಗಳ:

ತಾಜಾ ಹಣ್ಣೇ ಬೇಕು ಅಂದ್ರೆ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಹಾಕಿ, ಸರಿಹೋಗುತ್ತೆ.

ಕೆನೆಮೊಸರು:

ಇಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ತಣುಪಿಗೆ ಕಿಣ್ವ ನಿಧಾನವಾಗುತ್ತದೆ, ಸಾಯುವುದಿಲ್ಲ. ಕರಗಿದ ಮೇಲೆ ಮತ್ತೆ ಕೆಲಸ ಶುರು ಮಾಡುತ್ತದೆ. ಬಿಸಿಯೇ ಆಗಬೇಕು. ಹೆಚ್ಚಿದ ಹಣ್ಣನ್ನು ಅದರದೇ ರಸದಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಚೀಸ್‌ಗೆ ಬೆರೆಸಿ. ಚೂರುಗಳು ಒಳಗಿನವರೆಗೂ ಬಿಸಿಯಾಗಬೇಕು, ಅದಕ್ಕೆ ಸಣ್ಣಗೆ ಹೆಚ್ಚಿರಿ. ಅನಾನಸ್ ಗೊಜ್ಜು, ಕೇಸರಿಬಾತ್ ಎರಡು ದಿನ ಇಟ್ಟರೂ ಕಹಿಯಾಗದ್ದು ಹಣ್ಣು ಬೆಂದಿರುವುದರಿಂದ.

ಧಾರವಾಡದ_ಫೇಡೆ:

ಅಕ್ಕಾರ, ಕೆನೆಮೊಸರು ಅವರು ಹೇಳಿದ್ದು ಖರೇ ಐತ್ರಿ, ಆದ್ರ ನೀರಿನ ಇನ್ನೊಂದು ದಾರೀನೂ ಮುಚ್ಚರಿ. ಡೊಣ್ಣಮೆಣಸಿನಕಾಯಿ, ಉಳ್ಳಾಗಡ್ಡಿಗೆ ಉಪ್ಪು ತಾಗಿದ್ರ ರಾತ್ರಿಯೆಲ್ಲಾ ನೀರು ಬಿಡ್ತಾವು. ಹೆಚ್ಚಿದ ಕೂಡ್ಲೇ ಒಂದು ಚಿಟಿಕಿ ಉಪ್ಪು ಹಚ್ಚಿ ಹದಿನೈದು ನಿಮಿಷ ಬಿಡ್ರಿ, ಆಮ್ಯಾಲ ತೆಳು ಬಟ್ಟ್ಯಾಗ ಕಟ್ಟಿ ಗಟ್ಟಿ ಹಿಂಡ್ರಿ. ಶ್ರೀಖಂಡಕ್ಕ ಮೊಸರು ಕಟ್ತೀವಲ್ಲ, ಆ ಬಟ್ಟೀನ ನಡೀತದ. ಅನಾನಸ್ಸೂ ಅದ್ರಾಗ ಹಿಂಡ್ರಿ. ಜರಡ್ಯಾಗ ಬಸಿದ್ರ ಸಾಕಾಗಂಗಿಲ್ಲ.

ಮಲೆನಾಡಕೂಸು:

ಪೆಕಾನ್ ಬಗ್ಗೆ ನಾನು ಹೇಳುತ್ತೇನೆ, ನಾನು ಡಲ್ಲಸ್‌ನಲ್ಲಿದ್ದೇನೆ. ಪೆಕಾನ್ ನಿಮ್ಮ ನಮ್ಮ ಟೆಕ್ಸಸ್‌ನದೇ ಮರ, 1919ರಿಂದ ರಾಜ್ಯದ ಮರ. ನವೆಂಬರಿನಲ್ಲಿ ಹೊಸ ಬೆಳೆ ಬರುತ್ತದೆ, ಆಗ ಸಿಪ್ಪೆ ಸಮೇತ ತಂದು ಒಡೆದುಕೊಂಡರೆ ಅದರ ಸಿಹಿಯೇ ಬೇರೆ. 350 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 175 ಸೆಲ್ಸಿಯಸ್) ಅವನ್‌ನಲ್ಲಿ ಎಂಟು ನಿಮಿಷ ಇಡಿ, ಘಮ ಬಂದ ಕೂಡಲೇ ತೆಗೆಯಿರಿ. ಇನ್ನೆರಡು ನಿಮಿಷ ಬಿಟ್ಟರೆ ಕಪ್ಪಾಗಿ ಅದೂ ಕಹಿ. ಪೂರ್ತಿ ಆರಿದ ಮೇಲೆ ಹೆಚ್ಚಿ. ಬಿಸಿ ಪೆಕಾನ್ ಚೀಸ್‌ಗೆ ತಾಗಿದರೆ ಅದು ಕರಗುತ್ತದೆ.

ಮುಖ್ಯವಾಗಿ, ಹೊರಗಿನ ಪೆಕಾನ್ ಹಿಂದಿನ ರಾತ್ರಿ ಹಚ್ಚಬೇಡಿ. ಉಂಡೆ ಮಾತ್ರ ಕಟ್ಟಿಡಿ. ಹೊರಡುವ ಅರ್ಧ ಗಂಟೆ ಮೊದಲು ಪೆಕಾನ್ ಹರಡಿದ ತಟ್ಟೆಯಲ್ಲಿ ಉರುಳಿಸಿ. ಒಳಗಿನದು ಮೆತ್ತಗಾದರೂ ಹೊರಗಿನದು ಗರಿಗರಿ ಇರುತ್ತದೆ.

ಹೇಮಾವತಿ_ದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. ಕೇಳಿ ಸುಮ್ಮನಿರಲು ಆಗಲಿಲ್ಲ, ಶನಿವಾರ ಪರೀಕ್ಷೆ ಮಾಡಿಯೇ ಬಿಟ್ಟೆ. ನಾಲ್ಕು ಬಟ್ಟಲು, ಒಂದೊಂದಕ್ಕೂ ಎರಡು ಚಮಚ ಕ್ರೀಮ್ ಚೀಸ್, ಒಂದು ಚಮಚ ಅನಾನಸ್. ಮೊದಲನೆಯದಕ್ಕೆ ಹಸಿ ಹಣ್ಣು, ಎರಡನೆಯದಕ್ಕೆ ಫ್ರೀಜರಿನಲ್ಲಿಟ್ಟು ಕರಗಿಸಿದ್ದು, ಮೂರನೆಯದಕ್ಕೆ ಐದು ನಿಮಿಷ ಕುದಿಸಿದ್ದು, ನಾಲ್ಕನೆಯದಕ್ಕೆ ಟಿನ್ನಿನದು. ಎಲ್ಲವನ್ನೂ ಬಟ್ಟೆಯಲ್ಲಿ ಹಿಂಡಿದ್ದೆ.

ಅರ್ಧ ಗಂಟೆಗೆ ನಾಲ್ಕೂ ಒಂದೇ ರುಚಿ. ಎರಡು ಗಂಟೆಗೆ ಹಸಿ ಹಣ್ಣಿನ ಬಟ್ಟಲಿನಲ್ಲಿ ಚೂರುಗಳ ಸುತ್ತ ಚೀಸ್ ಹೊಳೆಯಲು ಶುರುವಾಯಿತು. ಅಲ್ಲಿ ಮುಟ್ಟಿದರೆ ಸಡಿಲ, ಬೇರೆ ಕಡೆ ಗಟ್ಟಿ. ಬೆಳಗ್ಗೆ ಆ ಬಟ್ಟಲಿನಲ್ಲಿ ಚಮಚ ನೆಟ್ಟರೆ ವಾಲಿ ಬೀಳುತ್ತಿತ್ತು, ಅದೇ ಕಹಿ. ಫ್ರೀಜರಿನದೂ ಅದೇ ಗತಿ. ಕುದಿಸಿದ್ದು, ಟಿನ್ನಿನದು ಎರಡರಲ್ಲೂ ಚಮಚ ನೆಟ್ಟಗೆ ನಿಂತಿತ್ತು, ಕಹಿ ಚೂರೂ ಇಲ್ಲ. ಕುದಿಸಿದ ಹಣ್ಣಿಗೆ ಟಿನ್ನಿಗಿಂತ ಘಮ ಹೆಚ್ಚು. ಕ್ರಿಸ್‌ಮಸ್‌ಗೆ ಅದನ್ನೇ ಹಾಕುತ್ತೇನೆ.

ಜಯನಗರ_4ನೇ_ಬ್ಲಾಕ್:

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಮಾಡಿಕೊಡಬೇಕು ಅಂತಿದ್ದೀನಿ. ಪೆಕಾನ್ ಇಲ್ಲಿ ತುಂಬಾ ದುಬಾರಿ, ಏನು ಹಾಕಬಹುದು? ನಾವು ಸಸ್ಯಾಹಾರಿಗಳು, ನೋಡಬೇಕಾದ್ದು ಏನಾದರೂ ಇದೆಯಾ?

ಕೆನೆಮೊಸರು:

ಅಕ್ರೋಟ್ ಹಾಕಿ, ಪೆಕಾನ್‌ಗೆ ಅದೇ ಹತ್ತಿರ. ಸಿಪ್ಪೆಯ ಒಗರು ಇಷ್ಟವಾಗದಿದ್ದರೆ ಹುರಿದು ಬಟ್ಟೆಯಲ್ಲಿ ತಿಕ್ಕಿ, ಒಂದಷ್ಟು ಸಿಪ್ಪೆ ಉದುರುತ್ತದೆ. ಹುರಿದ ಗೋಡಂಬಿಯೂ ಆಗುತ್ತದೆ. ಹಣ್ಣಿಗೆ ದಾಳಿಂಬೆ, ಒಣದ್ರಾಕ್ಷಿ, ಖರ್ಜೂರ, ಸೇಬು ಯಾವುದಾದರೂ ಸರಿ, ಇವುಗಳಿಂದ ಚೀಸ್ ಕುಸಿಯುವುದಿಲ್ಲ.

ಪ್ಯಾಕೆಟ್ಟಿನ ಹಿಂಬದಿ ಓದಿ. ಕೆಲವು ಚೀಸ್‌ಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ, ಹಚ್ಚಿಕೊಳ್ಳುವ ಕೆಲವು ಡಬ್ಬಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ಇರಬಹುದು. ಹಸಿರು ಚುಕ್ಕೆ ನೋಡಿ ತನ್ನಿ. ಕೆಲವರು ಚೀಸ್ ಬಾಲ್‌ಗೆ ವೂಸ್ಟರ್‌ಶೈರ್ ಸಾಸ್ ಹಾಕುತ್ತಾರೆ, ಅದರ ಮೂಲ ಪಾಕದಲ್ಲಿ ಆಂಚೊವಿ ಮೀನಿದೆ. ಮತ್ತೆ, ಉಂಡೆಯನ್ನು ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬೇಸಿಗೆಯಲ್ಲಾದರೆ ಒಂದೇ ಗಂಟೆ.

ಹೇಮಾವತಿ_ದಂಡೆ:

ಕ್ರಿಸ್‌ಮಸ್‌ನ ವರದಿ ಒಪ್ಪಿಸುತ್ತಿದ್ದೇನೆ. 23ರ ರಾತ್ರಿ ಅನಾನಸ್ ಕುದಿಸಿ, ಆರಿಸಿ, ಹಿಂಡಿದೆ. ಕಾಲು ಲೋಟ ರಸ ಬಂತು, ಹಿಂದಿನ ಸಲ ಅದೆಲ್ಲ ಉಂಡೆಯೊಳಗೇ ಉಳಿದಿತ್ತು. ಕ್ಯಾಪ್ಸಿಕಂ, ಈರುಳ್ಳಿಯನ್ನೂ ಹಿಂಡಿದೆ. ಚೀಸನ್ನು ಮೆಷಿನ್ನಿನಲ್ಲಿ ಕಡೆಯದೆ ಮರದ ಸಟ್ಟುಗದಲ್ಲಿ ಕಲಸಿದೆ. ಬೆಳಗ್ಗೆ ಉಂಡೆ ಇಟ್ಟ ಹಾಗೇ ಇತ್ತು, ಬೆರಳಿನಿಂದ ಒತ್ತಿದರೆ ಸ್ವಲ್ಪವೇ ತಗ್ಗುತ್ತಿತ್ತು. ಅಜ್ಜಿಯ ಮನೆಗೆ ಹೋಗಿ, ಅವರ ಅಡುಗೆಮನೆಯಲ್ಲೇ ಪೆಕಾನ್‌ನಲ್ಲಿ ಉರುಳಿಸಿದೆ.

ಕಾರ್ಡು ವಾಪಸ್ ಕೊಡುವಾಗ ಅನಾನಸ್ಸಿನ ಕಥೆಯನ್ನೆಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಕಾರ್ಡನ್ನು ತಿರುಗಿಸಿ, ನೋಯುವ ಕೈಯಲ್ಲೇ ಪೆನ್ಸಿಲ್ ಹಿಡಿದು ಹಿಂಬದಿಯಲ್ಲಿ ನಿಧಾನಕ್ಕೆ ಬರೆದರು: ಹಸಿ ಹಣ್ಣಾದರೆ ಐದು ನಿಮಿಷ ಕುದಿಸುವುದು. ಕೆಳಗೆ ನನ್ನ ಹೆಸರನ್ನೂ ಬರೆದರು.