ಸಮಸ್ಯಾಪೂರಣ: ಮರಳಲ್ಲಿ ಮುಳುಗಿ ನೀರು ಕುಡಿದ ಹಾವು

ಮಾಟುಂಗದಿಂದ

ಬಳಗದ ಎಲ್ಲರಿಗೂ ವಂದನೆಗಳು. ಈ ವಾರದ ಸಮಸ್ಯೆ, ಅಂದರೆ ಮೇಲಿನ ಐದು ಸಾಲು ಕಟ್ಟಿ ನೀವು ಅರ್ಥ ಕೂಡಿಸಬೇಕಾದ ಒಗಟಿನಂಥ ಸಾಲು, ಆರು ಸಾಲಿನ ಛಂದಸ್ಸಾದ ಭಾಮಿನಿ ಷಟ್ಪದಿಯ ಕೊನೆಯದು:

*ಉರಿವ ಮರಳಲಿ ಮುಳುಗಿ ಹಾವದು ನೀರ ಕುಡಿಯಿತಲಾ*

ಈ ಹಾವು ನಮ್ಮ ಭೂಮಿಯದಲ್ಲ. ಹಾವುರಾಣಿಯ ಕುಲವೊಂದರಲ್ಲಿ, ಮರಳಿನೊಳಗೆ ಈಜಲು ಕಾಲು ಅಡ್ಡಿಯಾದ್ದರಿಂದ ಗಿಡ್ಡಗಾಲಿನವೇ ತಲೆಮಾರಿನಿಂದ ತಲೆಮಾರಿಗೆ ಉಳಿದು, ಕೊನೆಗೆ ಕಾಲೇ ಇಲ್ಲದ ಬೇಟೆಗಾರ ಹುಟ್ಟಿಕೊಂಡ ಒಂದು ಕಲ್ಪನೆಯ ಲೋಕ ಅದು. ಜನ ಹಾವೆನ್ನುತ್ತಾರೆ, ಆದರೆ ಹಾವಿಗಿಲ್ಲದ ರೆಪ್ಪೆಯನ್ನು ಅದು ಮಿಟುಕಿಸುತ್ತದೆ. ಪದ ಒಡೆದಾಗಲಿ, ಕನಸು ಅಥವಾ ಬಿಸಿಲ್ಗುದುರೆ ಎಂದಾಗಲಿ ಬಿಡಿಸಬಾರದು. ಆ ಪ್ರಾಣಿಯ ಮೈಕಟ್ಟೇ ಉತ್ತರವಾಗಬೇಕು.

ಪುಣೆಯ ಕೊಥ್ರೂಡಿನಿಂದ

ಇರುಳ ತುದಿಯಲಿ ಕಡಲ ಮಂಜಿನ
ತೆರೆಯು ಹರಡಲು ತಣಿದ ಮೈಯಲಿ
ಹರಳು ಹನಿಗಳು ಹುರುಪೆ ಗೆರೆಯಲಿ ಹರಿದು ಮೊಗಕಿಳಿಯೆ
ಕೊರಳ ಚೀಲದಿ ಮಿಗಿಸಿ ಹಗಲಿನ
ಬಿರುಬಿಸಿಲ ನಡುವಿನಲಿ ದಣಿಯದೆ
ಉರಿವ ಮರಳಲಿ ಮುಳುಗಿ ಹಾವದು ನೀರ ಕುಡಿಯಿತಲಾ

ಗುರುಗಳೇ, ಡಿಸೆಂಬರಿನ ಬೆಳಗಿನಲ್ಲಿ ಅಂಗಳದ ಸ್ಕೂಟರಿನ ಸೀಟಿನ ಮೇಲೆ ಕೂತ ಇಬ್ಬನಿ ಹೊಲಿಗೆಯ ಗುಂಟ ಸಾಲಾಗಿ ಜಾರಿ ಒಂದೇ ಮೂಲೆಯಲ್ಲಿ ತೊಟ್ಟಿಕ್ಕುವುದನ್ನು ಕಂಡಾಗ ಮೂರನೆಯ ಸಾಲು ಸಿಕ್ಕಿತು. ಆಸ್ಟ್ರೇಲಿಯಾದ ಮುಳ್ಳುಹಲ್ಲಿಯ ಹುರುಪೆಗಳ ನಡುವಿನ ಸಣ್ಣ ಕಾಲುವೆಗಳು ಒದ್ದೆ ಮರಳಿನ ನೀರನ್ನು ಹೀಗೆಯೇ ಬಾಯಿಗೆ ಒಯ್ಯುತ್ತವೆ. ನಮೀಬ್ ಮರುಭೂಮಿಯಲ್ಲಿ ಅಟ್ಲಾಂಟಿಕ್ ಕಡಲಿನಿಂದ ಬರುವ ಮಂಜು ತನ್ನ ಮೈಮೇಲೆ ಹನಿಗಟ್ಟಿದಾಗ ಅದನ್ನೇ ಕುಡಿಯುವ, ಸುಮಾರು 25 ಸೆಂ.ಮೀ. ಉದ್ದದ ಮಂಡಲದ ಹಾವೊಂದಿದೆ. ಕೊರಳ ಚೀಲ ಮಾತ್ರ ನನ್ನ ಕಲ್ಪನೆ. ಹಳಗನ್ನಡದಲ್ಲಿ ಹಾವು ಗಾಳಿಯನ್ನುಣ್ಣುವ ‘ಎಲರುಣಿ’ಯಾದರೆ, ಇದು ‘ಮಂಜುಣಿ’ಯಾಗಲಿ.

ಮಡಗಾವಿನಿಂದ

ಹೊರಗೆ ಹುಳುವಿನ ತೆರದಿ ಬಾಲದ
ಬೆರಳನಾಡಿಸಿ ಹಲ್ಲಿ ಬರುವುದ
ಅರಿತು ದವಡೆಯ ಮೂಳೆಯಿಂದಲೆ ನೆಗೆದು ಹಿಡಿದೊಡನೆ
ಸೆರೆಯ ಜೀವದ ಮೈಯ ನೆತ್ತರ
ತೊರೆಯೆ ದಾಹಕೆ ಸಾಕು ಸಾಕೆನೆ
ಉರಿವ ಮರಳಲಿ ಮುಳುಗಿ ಹಾವದು ನೀರ ಕುಡಿಯಿತಲಾ

ಅಕ್ಕ ಹೇಳಿದ ನಮೀಬಿನ ಹಾವೇ ನನಗೂ ಆಧಾರ. ಅದು ಕಣ್ಣು ಮತ್ತು ಬಾಲದ ತುದಿಯನ್ನಷ್ಟೇ ಹೊರಗಿಟ್ಟು ಹೂತುಕೊಂಡು, ಬಾಲವನ್ನು ಹುಳುವಿನಂತೆ ಅಲುಗಿಸಿ ಹಲ್ಲಿಗಳನ್ನು ಸೆಳೆಯುತ್ತದೆ. ಹೊರಗಿವಿ ಕಾಣದ್ದರಿಂದ ಹಿರಿಯರು ಹಾವನ್ನು ಕಣ್ಣಿನಿಂದ ಕೇಳುವ ‘ಚಕ್ಷುಃಶ್ರವ’ವೆಂದರು, ನಿಜವಾಗಿ ನೆಲದ ಕಂಪನ ದವಡೆಯ ಮೂಳೆಯ ಮೂಲಕ ಒಳಗಿವಿಗೆ ಮುಟ್ಟುತ್ತದೆ. ಮಂಜುಣಿಗೂ ಆ ದವಡೆಯನ್ನೇ ಕೊಟ್ಟಿದ್ದೇನೆ.

ಮಾಟುಂಗದಿಂದ

ಎರಡನ್ನೂ ಗಟ್ಟಿಯಾಗಿ ಓದಿದೆ. ‘ಹರಳು ಹನಿಗಳು ಹುರುಪೆ ಗೆರೆಯಲಿ’ ಎಂಬಲ್ಲಿ ಎರಡು ಮಾತ್ರೆಯ ಗುರು ಅಕ್ಷರ ಒಂದೂ ಇಲ್ಲದೆ ಒಂದು ಮಾತ್ರೆಯ ಲಘುಗಳೇ ಉರುಳುತ್ತವೆ. ಹನಿಯ ಜಾರುವಿಕೆ ನಾಲಿಗೆಗೇ ತಿಳಿಯುತ್ತದೆ. ಕೊರಳ ಚೀಲವನ್ನೂ ಒಪ್ಪುತ್ತೇನೆ: ಮಂಜು ದಿನವೂ ಇಳಿಯದ ನಾಡಿನಲ್ಲಿ ಸಿಕ್ಕ ದಿನ ಕೂಡಿಟ್ಟುಕೊಂಡವನೇ ಬದುಕುತ್ತಾನೆ.

ಬೇಟೆಯ ಚಿತ್ರದಲ್ಲಿ ಮಡಗಾವಿನ ಪದ್ಯವೇ ಮೇಲು, ಅದರಲ್ಲಿ ಪ್ರಾಣಿ ಕಣ್ಣಿಗೆ ಕಟ್ಟುತ್ತದೆ. ಆದರೆ ಗಂಟು ಅಲ್ಲಿ ಪೂರ್ತಿ ಬಿಚ್ಚಿಲ್ಲ. ನೀರಿಲ್ಲದೆ ಒಣಗಿದ ಗಿಲಕಿ ಹಾವುಗಳಿಗೆ ಆಹಾರ ಕೊಟ್ಟು ನೋಡಿದ ಪ್ರಯೋಗದಲ್ಲಿ, ತಿಂದದ್ದರಿಂದ ಅವುಗಳ ದಾಹ ತೀರಲಿಲ್ಲ. ಅರಗಿಸುವ ಕೆಲಸವೇ ನೀರನ್ನು ಬೇಡುತ್ತದೆ. ನೆತ್ತರ ತೊರೆ ‘ಸಾಕು ಸಾಕು’ ಎನ್ನಿಸುವುದು ಹೇಗೆ, ತಮ್ಮಾ?

ಮಡಗಾವಿನಿಂದ

ಒಪ್ಪಿದೆ, ಗುರುಗಳೇ. ರಾತ್ರಿಯೆಲ್ಲ ಇದರ ಮೇಲೆಯೇ ಕೂತಿದ್ದೆ. ನಮೀಬಿನ ಜಾಲಪಾದದ ಹಲ್ಲಿ ತನ್ನ ಕಣ್ಣು, ಮುಖಗಳ ಮೇಲೆ ಕೂತ ಮಂಜಿನ ಹನಿಯನ್ನು ನಾಲಿಗೆಯಿಂದ ನೆಕ್ಕಿ ಕುಡಿಯುತ್ತದೆ. ಹಾಗೆ ಆಗಷ್ಟೇ ಕುಡಿದು ಬಂದ ಹಲ್ಲಿಯನ್ನು ಬೆಳಗಿನಲ್ಲೇ ಹಿಡಿದರೆ, ಅದರ ಹೊಟ್ಟೆಯಲ್ಲಿ ನೆತ್ತರಿನದಲ್ಲದೆ ಬೇರೆ ನೀರೂ ಇರುತ್ತದೆ. ಆದ್ದರಿಂದ ನಾಲ್ಕನೆಯ ಸಾಲನ್ನು ಹೀಗೆ ಓದಿಕೊಳ್ಳಬೇಕೆಂದು ಕೋರುತ್ತೇನೆ:

*ಸೆರೆಯ ಜೀವವು ಕುಡಿದ ಮಂಜಿನ*