‘ಮಾದರಿ ಕಾರು’ ಸಾಕೇ? ಸ್ಕೇಲ್ ಮಾಡೆಲ್ ಕಟ್ಟುವವರಿಗೆ ಬೇಕಾದ ಪದಗಳು

ಗೆಳೆಯರೇ, ನಮಸ್ಕಾರ.

ಸ್ಕೇಲ್ ಮಾಡೆಲ್ ಕಾರು ಕಟ್ಟುವ ಹವ್ಯಾಸದ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹೈಸ್ಕೂಲು ಮಕ್ಕಳು ಓದಿಕೊಂಡು ತಾವೇ ಕಾರು ಕಟ್ಟುವ ಹಾಗಿರಬೇಕು ಅನ್ನುವುದು ಆಸೆ. ಈ ಕಿಟ್‌ಗಳನ್ನು ನೋಡದವರಿಗೆ ಎರಡು ಮಾತು: ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಬರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು, ಒಂದಕ್ಕೊಂದು ಸೇರಿಸಿದರೆ ನಿಜವಾದ ಕಾರಿನ ಚಿಕ್ಕ ರೂಪ ಸಿದ್ಧ. ಎಂಜಿನ್ನು, ಸೀಟು, ಡ್ಯಾಶ್‌ಬೋರ್ಡಿನ ಮುಳ್ಳುಗಳವರೆಗೆ ಎಲ್ಲ ಇರುತ್ತದೆ. ಕೆಲಸ ವಿವರಿಸುವುದು ಅಷ್ಟೇನೂ ಕಷ್ಟವಾಗುತ್ತಿಲ್ಲ. ಪದಗಳ ಆಯ್ಕೆಯಲ್ಲಿ ನಿಮ್ಮ ಸಹಾಯ ಬೇಕು. ಕೆಲವನ್ನು ಆಗಲೇ ಆರಿಸಿಕೊಂಡಿದ್ದೇನೆ. ಯಾಕೆ ಅಂತಲೂ ಹೇಳುತ್ತೇನೆ, ಒಪ್ಪಿಗೆಯಾಗದಿದ್ದರೆ ಬಿಚ್ಚುಮನಸ್ಸಿನಿಂದ ಹೇಳಿ.

ಮೊದಲು ಹೆಸರಿನ ವಿಷಯ. ನಿಘಂಟು ತೆಗೆದರೆ ಮಾಡೆಲ್ ಅನ್ನುವುದಕ್ಕೆ ‘ಮಾದರಿ’ ಅಂತಿದೆ. ಆದರೆ ‘ಮಾದರಿ ಕಾರು’ ಅಂದರೆ ಯಾವ ಕಾರು? ‘ಮಾದರಿ ಗ್ರಾಮ’, ‘ಮಾದರಿ ಶಾಲೆ’ ಅಂದಾಗ ಬೇರೆಯವರು ನೋಡಿ ಕಲಿಯಬೇಕಾದ ಊರು, ಶಾಲೆ ಎಂದರ್ಥ. ಪತ್ರಿಕೆಯಲ್ಲಿ ‘ಹೊಸ ಮಾದರಿಯ ಕಾರು ಬಿಡುಗಡೆ’ ಅಂತ ಬಂದರೆ ಅದು ಶೋರೂಮಿಗೆ ಬಂದ ಹೊಸ ಬಗೆಯ ಕಾರು. ರಸ್ತೆಯಲ್ಲಿ ಯಾರಾದರೂ ‘ನಿಮ್ಮದು ಯಾವ ಮಾಡೆಲ್?’ ಅಂತ ಕೇಳಿದರೆ ನಾವು ಇಸವಿ ಹೇಳುತ್ತೇವೆ. ಬೇರೆಲ್ಲ ಕಡೆ ‘ಮಾದರಿ’ ಒಳ್ಳೆಯ ಪದವೇ. ಕಾರಿನ ಪಕ್ಕದಲ್ಲಿ ಇಟ್ಟಾಗ ಮಾತ್ರ ದಾರಿ ತಪ್ಪಿಸುತ್ತದೆ.

‘ಆಟಿಕೆ ಕಾರು’ ಅಂದರೆ ಕೆಲಸದ ಸ್ವರೂಪವೇ ಮರೆಯಾಗುತ್ತದೆ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ರೇಸ್ ಕಾರಿನ ಕಿಟ್ ತಂದಿತು. ಭಾಗಗಳು ಸರಿಯಾಗಿ ಬರಲಿ ಅಂತ ಅವರು ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು, ಅದನ್ನು ಬಿಚ್ಚಿ ನೋಡಿದ್ದರು. ಆಟದ ಸಾಮಾನಿಗೆ ಯಾರೂ ಅಷ್ಟು ಶ್ರಮ ಹಾಕುವುದಿಲ್ಲ. ಇನ್ನು ‘ಪ್ರತಿಕೃತಿ’. ಅರ್ಥದಲ್ಲಿ ಏನೂ ಕೊರತೆಯಿಲ್ಲ. ಆದರೆ ಸುದ್ದಿಯಲ್ಲಿ ಈ ಪದ ಬಂದರೆ ಮುಂದಿನ ಪದ ‘ದಹನ’ ಅಂತ ಕಿವಿ ಕಾಯುತ್ತದೆ, ಅಲ್ವಾ? ಮಕ್ಕಳ ಕೈಪಿಡಿಗೆ ಅದು ಬೇಡ ಅನ್ನಿಸಿತು.

ನಾನು ಆರಿಸಿದ್ದು ‘ಪಡಿಯಚ್ಚು’. ‘ಮಗ ಥೇಟ್ ಅಪ್ಪನ ಪಡಿಯಚ್ಚು’ ಅಂತ ಮನೆಮನೆಯಲ್ಲಿ ಹೇಳುತ್ತಾರೆ. ಪಡಿ ಅನ್ನುವುದು ‘ಪ್ರತಿ’ಯ ತದ್ಭವ, ಪ್ರತಿಚ್ಛಂದ ‘ಪಡಿಚಂದ’ ಆದ ಹಾಗೆ. ಅಚ್ಚು ಅಂತೂ ಇಲ್ಲಿ ನೂರಕ್ಕೆ ನೂರು ನಿಜ. ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿನೊಳಗೆ ಒತ್ತಡದಿಂದ ತುಂಬಿಸಿ ಈ ಭಾಗಗಳನ್ನು ಮಾಡುತ್ತಾರೆ. ‘ಪಡಿ’ ಅಂದರೆ ಕಾಳು ಅಳೆಯುವ ಅಳತೆಯೂ ಹೌದು. ವ್ಯುತ್ಪತ್ತಿ ಪಕ್ಕಕ್ಕಿಡಿ. ಹೋಲಿಕೆ ಮತ್ತು ಅಳತೆ ಎರಡೂ ಒಂದೇ ಸದ್ದಿನಲ್ಲಿ ಕಿವಿಗೆ ಬೀಳುವುದು ಸ್ಕೇಲ್ ಮಾಡೆಲ್‌ಗೆ ತುಂಬ ಒಪ್ಪುತ್ತದೆ. ಒಂದೇ ತಕರಾರು ಬರಬಹುದು: ಪಡಿಯಚ್ಚು ಅಂದರೆ ಚಿಕ್ಕದು ಅಂತೇನೂ ಅರ್ಥವಿಲ್ಲವಲ್ಲ? ನಿಜ. ಆದರೆ ಜೊತೆಗೆ ಅಳತೆ ಹೇಳಿದರೆ ಆ ಕೊರತೆ ತುಂಬುತ್ತದೆ. ‘ಇಪ್ಪತ್ನಾಲ್ಕರ ಪಡಿಯಚ್ಚು’ (ನಿಜವಾದ ಕಾರಿನ ಉದ್ದದ ಇಪ್ಪತ್ನಾಲ್ಕರಲ್ಲೊಂದು ಪಾಲು) ಅಂದರೆ ಗಾತ್ರವೂ ಬಂತು.

ಹಾಗಾದರೆ ‘ಸ್ಕೇಲ್’ಗೆ ಏನು? ಶಾಲೆಯ ಭೂಗೋಳದಲ್ಲಿ ನಕ್ಷೆಯ ‘ಪ್ರಮಾಣ’ ಅಂತ ಓದಿದ್ದೇವೆ. ಈಗ ‘ದೊಡ್ಡ ಪ್ರಮಾಣದಲ್ಲಿ’ ಅಂದರೆ ‘ಜಾಸ್ತಿ’ ಅಂತ ಅರ್ಥ, ‘ಪ್ರಮಾಣ ಮಾಡು’ ಅಂದರೆ ಆಣೆ. ಹಾಗಾಗಿ ಸುಮ್ನೆ ‘ಅಳತೆ’ ಅನ್ನುತ್ತೇನೆ. 1/24 ಅನ್ನುವುದನ್ನು ಮಕ್ಕಳು ‘ಒಂದು ಬೈ ಇಪ್ಪತ್ನಾಲ್ಕು’ ಅಂತ ಓದುತ್ತಾರೆ. ಅದರಲ್ಲಿ ಒಂದು ತೊಡಕಿದೆ. 24 ಅನ್ನುವ ಅಂಕಿ 12ಕ್ಕಿಂತ ದೊಡ್ಡದು, ಆದ್ದರಿಂದ 1/24ರ ಕಾರು 1/12ರ ಕಾರಿಗಿಂತ ದೊಡ್ಡದಿರಬೇಕು ಅಂತ ಸುಲಭವಾಗಿ ಅಂದುಕೊಳ್ಳುತ್ತಾರೆ. ಅದಕ್ಕೆ ಮೊದಲ ಸಲ ‘ಉದ್ದದ ಇಪ್ಪತ್ನಾಲ್ಕು ಪಾಲಿನಲ್ಲಿ ಒಂದು ಪಾಲು’ ಅಂತ ಬಿಡಿಸಿ ಬರೆದು, ಆಮೇಲೆ ‘ಇಪ್ಪತ್ನಾಲ್ಕರ ಅಳತೆ’ ಅಂತ ಚಿಕ್ಕದು ಮಾಡಿದ್ದೇನೆ. ‘ಉದ್ದದ’ ಅನ್ನುವ ಪದ ಇಲ್ಲಿ ಬೇಕೇ ಬೇಕು. ಉದ್ದ, ಅಗಲ, ಎತ್ತರ ಮೂರೂ ಇಪ್ಪತ್ನಾಲ್ಕು ಪಟ್ಟು ಕುಗ್ಗಿದರೆ ಒಳಗಿನ ಜಾಗ 13,824 ಪಟ್ಟು ಕುಗ್ಗುತ್ತದೆ. ಸುಮಾರು 4.3 ಮೀಟರ್ ಉದ್ದದ ಅಂಬಾಸಿಡರ್ ಈ ಅಳತೆಯಲ್ಲಿ 18 ಸೆಂಟಿಮೀಟರ್ ಆಗುತ್ತದೆ, ಅಂಗೈ ಮೇಲೆ ಇಟ್ಟುಕೊಳ್ಳಬಹುದು.

ನಮ್ಮ ಹಳೆಯ ಲೆಕ್ಕದಲ್ಲಿ ಭಿನ್ನರಾಶಿಗೆ ಎಂಥ ಚಂದದ ಹೆಸರುಗಳಿದ್ದವು! ಎಂಟರಲ್ಲೊಂದು ಅರೆಕಾಲು. ಹದಿನಾರರಲ್ಲೊಂದು ವೀಸ. ಇಟಲಿಯ ಪೋಕರ್ ಕಂಪನಿಯ ಹೆಸರಾಂತ ದೊಡ್ಡ ಕಿಟ್‌ಗಳೆಲ್ಲ 1/8ರವು. ಅವಕ್ಕೆ ‘ಅರೆಕಾಲು ಅಳತೆಯ ಕಾರು’ ಅಂದರೆ ಎಷ್ಟು ಸಲೀಸು! 24ಕ್ಕೆ ಅಂಥ ಹೆಸರಿಲ್ಲ. ಆದರೆ ಮನೆ ಕಟ್ಟಿಸಿದವರಿಗೆಲ್ಲ ಅಡಿ ಇಂಚಿನ ಲೆಕ್ಕ ಇನ್ನೂ ಬಾಯಲ್ಲಿದೆ. ಆ ಲೆಕ್ಕದಲ್ಲಿ ಇಪ್ಪತ್ನಾಲ್ಕರ ಅಳತೆ ಅಂದರೆ ‘ಅಡಿಗೆ ಅರ್ಧ ಇಂಚು’. ಹನ್ನೆರಡರ ಅಳತೆ ಅಂದರೆ ‘ಅಡಿಗೆ ಒಂದು ಇಂಚು’. ಕೈಪಿಡಿಯಲ್ಲಿ ಇದನ್ನೂ ಸೇರಿಸಿದ್ದೇನೆ.

ಮೂರನೆಯದು ಕ್ರಿಯಾಪದ. ‘ಜೋಡಿಸು’ ಅಂದರೆ ಕೆಲಸದ ಒಂದು ತುಣುಕು ಮಾತ್ರ. ‘ನಿರ್ಮಿಸು’ ಅಂದರೆ ಸೇತುವೆ, ಅಣೆಕಟ್ಟು ಕಣ್ಣಮುಂದೆ ಬರುತ್ತವೆ. ನನಗೆ ‘ಕಟ್ಟು’ ಬಿಟ್ಟು ಬೇರೆ ಯಾವುದೂ ಹಿಡಿಸಲಿಲ್ಲ. ಲಾರಿಯ ಚಾಸಿ ಕೊಂಡವರು ‘ಬಾಡಿ ಕಟ್ಟಿಸಿದೆವು’ ಅನ್ನುತ್ತಾರೆ. ಜಾತ್ರೆಗೆ ತೇರು ಕಟ್ಟುತ್ತಾರೆ. ಯಕ್ಷಗಾನದಲ್ಲಿ ವೇಷ ಕಟ್ಟುತ್ತಾರೆ. ಬಿಡಿ ಬಿಡಿಯಾಗಿ ಇದ್ದದ್ದನ್ನು ಸೇರಿಸಿ, ಸಿಂಗರಿಸಿ, ನೋಡುವವರ ಮುಂದೆ ನಿಲ್ಲಿಸುವುದಕ್ಕೆ ಕನ್ನಡದವರು ಎಂದಿನಿಂದಲೂ ಈ ಪದವನ್ನೇ ಬಳಸಿದ್ದಾರೆ. ಹಾಗಾಗಿ ಕಾರು ಕಟ್ಟುವುದು. ಕಟ್ಟುವವರು ಕಾರು ಕಟ್ಟುವವರು.

ಈಗ ಬಹಳ ಹೊತ್ತು ತೆಗೆದುಕೊಂಡ ಪದಕ್ಕೆ ಬರುತ್ತೇನೆ. ಡಬ್ಬಿ ತೆರೆದಾಗ ಭಾಗಗಳು ಬಿಡಿಯಾಗಿ ಉದುರುವುದಿಲ್ಲ. ಪ್ಲಾಸ್ಟಿಕ್ಕಿನ ಕಡ್ಡಿಗಳ ಒಂದು ಚೌಕಟ್ಟಿಗೆ ಅಂಟಿಕೊಂಡೇ ಇರುತ್ತವೆ. ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿದುಹೋದ ದಾರಿಯೇ ಗಟ್ಟಿಯಾಗಿ ಆ ಕಡ್ಡಿಗಳಾಗಿವೆ. ಇಂಗ್ಲಿಷಿನ ಹವ್ಯಾಸಿಗಳು ಅದನ್ನು ‘ಸ್ಪ್ರೂ’ ಅನ್ನುತ್ತಾರೆ. ಕಾರ್ಖಾನೆಯ ಲೆಕ್ಕದಲ್ಲಿ ಸ್ಪ್ರೂ ಅಂದರೆ ಪ್ಲಾಸ್ಟಿಕ್ ಒಳಗೆ ಇಳಿಯುವ ಮೊದಲ ದಾರಿ ಮಾತ್ರ. ಅಲ್ಲಿಂದ ಕವಲಾಗಿ ಹೋಗುವುದು ‘ರನ್ನರ್’. ಭಾಗಕ್ಕೆ ತಾಗುವ ಸಣ್ಣ ಕತ್ತು ‘ಗೇಟ್’. ಬೇರೆ ಭಾಷೆಯವರು ಏನನ್ನುತ್ತಾರೆ ಅಂತ ನೋಡಿದರೆ ಖುಷಿಯಾಗುತ್ತದೆ. ಜರ್ಮನ್ನರು ‘ಗುಸ್‌ಆಸ್ಟ್’ ಅನ್ನುತ್ತಾರೆ, ಅಂದರೆ ಎರಕದ ಕೊಂಬೆ. ಫ್ರೆಂಚರು ‘ಗ್ರಾಪ್’ ಅನ್ನುತ್ತಾರೆ, ದ್ರಾಕ್ಷಿ ಗೊಂಚಲಿಗೆ ಹೇಳುವ ಪದ. ಇಬ್ಬರ ಕಣ್ಣಿಗೂ ಅದು ಗಿಡದ ಹಾಗೆಯೇ ಕಂಡಿದೆ.

ಕನ್ನಡದಲ್ಲೂ ಹಾಗೇ ಕಾಣುವುದು ಸಹಜ. ನಾನು ಕಡ್ಡಿಯ ಚೌಕಟ್ಟಿಗೆ ‘ಹಂಬು’ ಅಂತ ಇಟ್ಟಿದ್ದೇನೆ. ಕುಂಬಳ, ಸೋರೆ ಹಬ್ಬುವ ಹಂಬು. ಭಾಗ ಅದಕ್ಕೆ ಅಂಟಿಕೊಂಡಿರುವ ಕತ್ತು ‘ತೊಟ್ಟು’. ಆಗ ಸೂಚನೆ ಬರೆಯುವುದು ಎಷ್ಟು ಹಗುರ ನೋಡಿ: ‘ಎ ಹಂಬಿನ 12ನೇ ಭಾಗ ಬಿಡಿಸಿಕೊಳ್ಳಿ. ತೊಟ್ಟನ್ನು ಭಾಗಕ್ಕೆ ತೀರಾ ಹತ್ತಿರ ಕತ್ತರಿಸಬೇಡಿ. ಸ್ವಲ್ಪ ಉಳಿಸಿ, ಆಮೇಲೆ ಉಪ್ಪುಕಾಗದದಲ್ಲಿ ಉಜ್ಜಿ.’ ಹತ್ತಿರದಲ್ಲೇ ಕತ್ತರಿಸಿದರೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಗುಳಿ ಬೀಳುತ್ತದೆ. ತೊಟ್ಟು ಅಂದ ಕೂಡಲೇ ಎಲ್ಲಿ ಬಿಡಿಸಬೇಕು, ಎಷ್ಟು ಉಳಿಸಬೇಕು ಅನ್ನುವುದು ಹೇಳದೆಯೂ ಅರ್ಧ ಗೊತ್ತಾಗುತ್ತದೆ. ಹಂಬಿನ ಚೂರನ್ನು ಮೋಂಬತ್ತಿಯ ಮೇಲೆ ಹಿಡಿದು, ಮೆತ್ತಗಾದ ಕೂಡಲೇ ಎರಡೂ ಕಡೆ ಎಳೆದರೆ ಕೂದಲಿನಷ್ಟು ಸಣ್ಣ ದಾರ ಬರುತ್ತದೆ. ಕಾರಿನ ಆಂಟೆನಾಕ್ಕೆ, ಎಂಜಿನ್ನಿನ ವೈರಿಗೆ ಅದನ್ನೇ ಬಳಸುತ್ತಾರೆ. ಇದಕ್ಕೆ ‘ಎಳೆ’ ಸಾಕು. ಎಳೆದದ್ದು ಎಳೆ.

ಹಳೆಯ ಅಚ್ಚಿನಲ್ಲಿ ಎರಡು ಹೋಳು ಸರಿಯಾಗಿ ಕೂರದೆ ಅಂಚಿನಲ್ಲಿ ತೆಳ್ಳಗೆ ಪ್ಲಾಸ್ಟಿಕ್ ಉಕ್ಕಿರುತ್ತದೆ. ಅದು ‘ಪೊರೆ’. ಇದರಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ ಅಂದುಕೊಂಡಿದ್ದೇನೆ.

ಕ್ರಿಯಾಪದಗಳಲ್ಲಿ ಇನ್ನೆರಡು ಕಡೆ ವ್ಯತ್ಯಾಸ ಉಳಿಸಿಕೊಳ್ಳಲೇಬೇಕು ಅನ್ನಿಸುತ್ತದೆ. ಈ ಕಿಟ್‌ಗಳಿಗೆ ಬಳಸುವ ಸಿಮೆಂಟು ಗೋಂದಿನ ಹಾಗೆ ನಡುವೆ ನಿಂತು ಹಿಡಿಯುವುದಿಲ್ಲ. ಎರಡೂ ಭಾಗದ ಅಂಚನ್ನು ತುಸು ಕರಗಿಸುತ್ತದೆ. ಆರಿದಾಗ ಎರಡೂ ಒಂದಾಗಿರುತ್ತವೆ. ಆದ್ದರಿಂದ ಪ್ಲಾಸ್ಟಿಕ್ಕಿಗೆ ‘ಬೆಸೆಯಿರಿ’, ಲೋಹ ಅಥವಾ ರೆಸಿನ್ ಭಾಗವನ್ನು ಫೆವಿಕ್ವಿಕ್‌ನಂಥ ಅಂಟಿನಿಂದ ಹಿಡಿಸುವಾಗ ‘ಅಂಟಿಸಿ’. ಬಣ್ಣದಲ್ಲೂ ಹಾಗೇ. ಸ್ಪ್ರೇ ಅಥವಾ ಏರ್‌ಬ್ರಷ್‌ನಲ್ಲಿ ಬಣ್ಣ ‘ಹೊಡೆಯುವುದು’, ಗ್ಯಾರೇಜಿನಲ್ಲಿ ‘ಎರಡು ಕೋಟ್ ಹೊಡಿ’ ಅನ್ನುವ ಹಾಗೆ. ಸಣ್ಣ ಕುಂಚದಲ್ಲಿ ಬಾಗಿಲ ಹಿಡಿಕೆಗೆ, ಮೀಟರಿಗೆ ‘ಹಚ್ಚುವುದು’. ಧಾರವಾಡದ ಕಡೆಯವರು ಎರಡಕ್ಕೂ ಹಚ್ಚು ಅನ್ನುತ್ತಾರೇನೋ, ಅಲ್ಲಿನವರು ಓದಿದಾಗ ‘ಹೊಡೆಯಿರಿ’ ಒರಟಾಗಿ ಕೇಳುತ್ತದೆಯೇ ತಿಳಿಸಿ.

ಕೊನೆಯ ದೊಡ್ಡ ಪದ ‘ಕಸ್ಟಮೈಸ್’. ಅಮೆರಿಕದ ಎಎಂಟಿ ಕಂಪನಿ 1958ರಲ್ಲಿ ‘ಮೂರರಲ್ಲೊಂದು’ ಕಿಟ್‌ಗಳನ್ನು ತಂದಿತು. ಒಂದೇ ಡಬ್ಬಿಯ ಕಾರನ್ನು ಕಂಪನಿಯಿಂದ ಬಂದ ಹಾಗೇ ಕಟ್ಟಬಹುದು, ರೇಸಿನ ಕಾರಾಗಿ ಕಟ್ಟಬಹುದು, ಇಲ್ಲವೇ ನಿಮ್ಮಿಷ್ಟದ ಹಾಗೆ ಬದಲಾಯಿಸಿ ಕಟ್ಟಬಹುದು. ಕ್ಯಾಲಿಫೋರ್ನಿಯಾದಲ್ಲಿ ನಿಜವಾದ ಕಾರುಗಳನ್ನು ಹೀಗೆ ಬದಲಿಸಿ ಹೆಸರಾದವರು ಜಾರ್ಜ್ ಬ್ಯಾರಿಸ್. ಅವರು ಎಎಂಟಿಗೆ ಸಲಹೆ ಕೊಡುತ್ತಿದ್ದರು. ಎಡ್ ರಾತ್ ಕಟ್ಟಿದ ವಿಚಿತ್ರ ಕಾರುಗಳನ್ನು 1960ರ ದಶಕದಲ್ಲಿ ರೆವೆಲ್ ಕಂಪನಿ ಕಿಟ್ ಮಾಡಿ ಮಾರಿತು. ಹವ್ಯಾಸದ ಅರ್ಧ ಜೀವ ಇರುವುದೇ ಈ ಬದಲಾವಣೆಯಲ್ಲಿ. ಕಂಪ್ಯೂಟರ್ ಕನ್ನಡದ ‘ಅಗತ್ಯಾನುಗುಣಗೊಳಿಸು’ ಇಲ್ಲಿ ಬಾಯಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗಾಡಿಗೆ ಸಾಮಾನು ಹಾಕಿಸುವವರು ‘ಆಲ್ಟರ್ ಮಾಡಿಸಿದೆ’ ಅನ್ನುತ್ತಾರೆ, ಅದೂ ನಡೆಯುತ್ತದೆ. ಬರಹದಲ್ಲಿ ನಾನು ‘ಇದ್ದ ಹಾಗೇ ಕಟ್ಟುವುದು’, ‘ಬದಲಾಯಿಸಿ ಕಟ್ಟುವುದು’ ಅಂತ ಜೋಡಿ ಮಾಡಿದ್ದೇನೆ. ಮೊದಲನೆಯದಕ್ಕೆ ಜಪಾನಿನವರು ‘ಸುಗುಮಿ’ ಅನ್ನುತ್ತಾರೆ, ಹೆಚ್ಚುಕಮ್ಮಿ ಅದೇ ಅರ್ಥ.

ಎರಡು ಕಿಟ್‌ಗಳ ಭಾಗ ಸೇರಿಸಿ ಒಂದು ಕಾರು ಮಾಡುವುದನ್ನು ಇಂಗ್ಲಿಷಿನಲ್ಲಿ ‘ಕಿಟ್‌ಬ್ಯಾಶ್’ ಅನ್ನುತ್ತಾರೆ. ‘ಕಲಬೆರಕೆ’ ಅನ್ನಲು ಮನಸ್ಸು ಒಪ್ಪುವುದಿಲ್ಲ, ಅದು ಹಾಲಿಗೆ ನೀರು ಹಾಕುವವರ ಕೆಲಸ. ‘ಕಸಿ’ ಇದೆಯಲ್ಲ! ಮಾವಿಗೆ ಕಸಿ ಕಟ್ಟುತ್ತಾರೆ, ಆಸ್ಪತ್ರೆಯಲ್ಲಿ ಹೃದಯ ಕಸಿ ಮಾಡುತ್ತಾರೆ. ಒಂದು ಕಾರಿನ ಎಂಜಿನ್ನನ್ನು ಇನ್ನೊಂದಕ್ಕೆ ಕೂರಿಸುವುದು ‘ಎಂಜಿನ್ ಕಸಿ’. ಇದರಲ್ಲಿ ಅಳತೆಯ ಎಚ್ಚರವೂ ಬೇಕು. ಅಮೆರಿಕದ ಬಹಳಷ್ಟು ಕಿಟ್‌ಗಳು 1/25ರವು, ಜಪಾನಿನವು 1/24ರವು. ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ. ಚಕ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಬಾಡಿಗೆ ಚಾಸಿ ಕೂರಿಸುವಾಗ ಗೊತ್ತಾಗುತ್ತದೆ. ಟಾಪನ್ನು ಕತ್ತರಿಸಿ ತಗ್ಗಿಸುವ ಕೆಲಸಕ್ಕೆ ‘ಟಾಪ್ ತಗ್ಗಿಸುವುದು’ ಅಂತಲೇ ಬರೆದಿದ್ದೇನೆ. ನಿಜವಾದ ಕಾರಿನಲ್ಲಿ ನಾಲ್ಕು ಇಂಚು ತಗ್ಗಿಸಿದ್ದರೆ ಇಪ್ಪತ್ನಾಲ್ಕರ ಅಳತೆಯಲ್ಲಿ ನಾಲ್ಕು ಮಿಲಿಮೀಟರಿಗಿಂತ ಚೂರು ಜಾಸ್ತಿ ಅಷ್ಟೇ. ಆದರೆ ಕಂಬ, ಗಾಜು ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಕತ್ತರಿಸಬೇಕು. ನಮ್ಮ ಮಕ್ಕಳು ಬಹುಶಃ ಮೊದಲು ಕಲಿಯುವುದು ಎಡಗಡೆಯ ಸ್ಟೀರಿಂಗನ್ನು ಬಲಗಡೆಗೆ ತರುವುದನ್ನು. ಅದಕ್ಕೂ ಹೊಸ ಪದ ಬೇಡ.

ಕಿಟ್, ಪುಟ್ಟಿ, ಪ್ರೈಮರ್, ಚಾಸಿ, ಬಂಪರ್, ಪಾಲಿಶ್ ಇವನ್ನು ಮುಟ್ಟಿಲ್ಲ. ಎಲ್ಲರಿಗೂ ಗೊತ್ತಿರುವ ಪದ ತೆಗೆದು ಗೊತ್ತಿಲ್ಲದ್ದನ್ನು ಇಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಇನ್ನೂ ಕೂಡಿಬರದ ಪದ ‘ಡಿಕಾಲ್’. ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿ ಬರುವ ತೆಳು ಚಿತ್ರ. ಕಾರಿನ ಮೇಲೆ ಇಟ್ಟು ಒತ್ತಿದರೆ ಬಣ್ಣದ ಜೊತೆ ಸೇರಿಹೋಗುತ್ತದೆ. ‘ಸ್ಟಿಕ್ಕರ್’ ಅಂದರೆ ಹಿಂಬದಿಯಲ್ಲಿ ಅಂಟು ಇರುವ ದಪ್ಪ ಹಾಳೆ, ಅದು ಬೇರೆ. ‘ನೀರುಹಚ್ಚೆ’ ಅನ್ನಬಹುದೇ? ಮೈಮೇಲೆ ಹಚ್ಚೆ ಹಾಕಿದ ಹಾಗೆ ಬಾಡಿಯ ಮೇಲೆ ಕೂರುತ್ತದೆ ಅನ್ನುವುದು ನನ್ನ ಯೋಚನೆ. ಆದರೆ ಹಚ್ಚೆ ಅಂದರೆ ಚುಚ್ಚುವುದು, ಇಲ್ಲಿ ಚುಚ್ಚುವುದಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ಬರೆಯಿರಿ.

ಇನ್ನೊಂದು ಕೋರಿಕೆ. ಬೆಳಗಾವಿಯ ಫೌಂಡ್ರಿಗಳಲ್ಲಿ, ನಾಗಮಂಗಲದಲ್ಲಿ ಮೂರ್ತಿ ಎರಕ ಹೊಯ್ಯುವವರ ಮನೆಗಳಲ್ಲಿ ಲೋಹ ಹರಿಯುವ ದಾರಿಗೂ, ಆಮೇಲೆ ಕತ್ತರಿಸಿ ತೆಗೆಯುವ ಆ ಕಡ್ಡಿಗೂ ಕೆಲಸಗಾರರ ಬಾಯಲ್ಲಿ ಹೆಸರು ಇದ್ದೇ ಇರುತ್ತದೆ. ಆ ಕಡೆ ನಂಟು ಇರುವವರು ಕೇಳಿ ತಿಳಿಸುತ್ತೀರಾ? ಅವರ ಪದ ಸಿಕ್ಕರೆ ‘ಹಂಬು’ ತೆಗೆದು ಅದನ್ನೇ ಇಡುತ್ತೇನೆ. ‘ತೊಟ್ಟು’ ಮಾತ್ರ ಬಿಟ್ಟುಕೊಡಲು ಮನಸ್ಸಿಲ್ಲ.